ಒಡ್ಡಿನ ಬಾರಿಗೆ ಸಿಹಿ ಕಣ್ಣು

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಯಾವ ಹೊಲಕ್ಕೆ ಹೋದರೂ ಎರಡು ಗಿಡ ಕಣ್ಣಿಗೆ ಬೀಳುತ್ತವೆ. ಒಂದು ನಾವು ಬಿತ್ತಿದ ತೊಗರಿ, ಇನ್ನೊಂದು ಯಾರೂ ಬಿತ್ತದ ಬಾರಿ. ತೊಗರಿಗೆ ಬೀಜ, ಗೊಬ್ಬರ, ಎಣ್ಣೆ, ಕೂಲಿ ಅಂತ ಸುರಿಯುತ್ತೇವೆ. ಬಾರಿಗೆ ಸಿಗುವುದು ಕೊಡಲಿ ಏಟು. ಆದರೂ ಕಡಿದಷ್ಟೂ ಚಿಗುರುತ್ತದೆ. 2022-23ರಲ್ಲಿ ನೆಟೆ ರೋಗ ಬಂದು ನಮ್ಮ ಕಲಬುರಗಿ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿದ್ದು ಎಲ್ಲರಿಗೂ ನೆನಪಿದೆ. ಒಂದೇ ಬೆಳೆ ನೆಚ್ಚಿ ಕೂತರೆ ಮನೆಯ ಗತಿ ಏನಾಗುತ್ತದೆ ಅನ್ನುವುದನ್ನು ಆ ವರ್ಷ ನೋಡಿದ್ದೇವೆ.

ಹಾಗಂತ ತೊಗರಿ ಬಿಡಿ ಅಂತ ಇಲ್ಲಿ ಹೇಳುತ್ತಿಲ್ಲ. ತೊಗರಿ ಸರಿಯಾಗಿ ಬಾರದ ಮಡ್ಡಿ ತುಂಡು, ಒಡ್ಡು, ಹಳ್ಳದ ದಂಡೆ, ಸವಳು ಹಿಡಿದ ಮೂಲೆ ಇಂಥ ಜಾಗ ಪ್ರತಿಯೊಬ್ಬರ ಹೊಲದಲ್ಲೂ ಒಂದಿಷ್ಟು ಇರುತ್ತದೆ. ಅಲ್ಲಿ ಆಗಲೇ ಬೇರು ಬಿಟ್ಟು ನಿಂತಿರುವ ಕಾಡು ಬಾರಿಯನ್ನೇ ಸಿಹಿ ಬಾರಿ ಮಾಡಿಕೊಳ್ಳುವುದು ಹೇಗೆ, ನಮ್ಮ ಹೊಲಕ್ಕೆ ಹೊಂದುವ ತಳಿಯನ್ನು ನಾವೇ ಆರಿಸಿಕೊಳ್ಳುವುದು ಹೇಗೆ ಅನ್ನುವುದೇ ಈ ಪಾಠ. ಬೇಕಾದ ಸಾಮಾನು ಒಂದು ಹರಿತ ಚಾಕು, ಸ್ವಲ್ಪ ಪ್ಲಾಸ್ಟಿಕ್ ಪಟ್ಟಿ ಮತ್ತು ಒಳ್ಳೆಯ ಗಿಡದ ನಾಲ್ಕು ಕಡ್ಡಿ.

ಹಿಮದ ನಾಡಿನವರು ಮಾಡಿದ್ದೇನು?

ಕಾಡುಗಿಡದ ಗಟ್ಟಿತನ, ಊರಗಿಡದ ರುಚಿ ಎರಡನ್ನೂ ಒಂದು ಮಾಡುವ ಕೆಲಸ ಹೊಸದಲ್ಲ. ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ ಒಬ್ಬರ ಸಂಗತಿ ತಿಳಿದರೆ ನಮ್ಮ ದಾರಿ ಸುಲಭವಾಗುತ್ತದೆ.

ಅಮೆರಿಕದ ದಕ್ಷಿಣ ಡಕೋಟ ರಾಜ್ಯ ನಮ್ಮ ಹಾಗೇ ಬಯಲು ಸೀಮೆ. ಮಳೆ ಕಡಿಮೆ, ಗಾಳಿ ಜಾಸ್ತಿ. ನಮಗೆ ಬಿಸಿಲು ಹೇಗೋ ಅವರಿಗೆ ಚಳಿ ಹಾಗೆ. ಚಳಿಗಾಲದಲ್ಲಿ ಸೊನ್ನೆಗಿಂತ 30-40 ಡಿಗ್ರಿ ಕೆಳಗೆ ಹೋಗುವುದುಂಟು. ಬೇರೆ ಕಡೆಯಿಂದ ತಂದ ಪ್ಲಮ್, ಚೆರ್ರಿ ಗಿಡಗಳು ಅಲ್ಲಿ ಒಂದೆರಡು ಚಳಿಗಾಲದಲ್ಲೇ ಸತ್ತು ಹೋಗುತ್ತಿದ್ದವು. ಡೆನ್ಮಾರ್ಕಿನಲ್ಲಿ ಹುಟ್ಟಿದ ನೀಲ್ಸ್ ಹ್ಯಾನ್ಸೆನ್ ಎಂಬವರು 1895ರಲ್ಲಿ ಅಲ್ಲಿನ ಬ್ರೂಕಿಂಗ್ಸ್ ಊರಿನ ಕೃಷಿ ಕಾಲೇಜಿಗೆ ಬಂದರು. ಹೊರಗಿನ ಗಿಡವನ್ನು ಬದುಕಿಸಲು ಹೆಣಗಾಡುವುದಕ್ಕಿಂತ, ಅಲ್ಲೇ ಬದುಕಿರುವ ಗಿಡ ಯಾವುದು ಅಂತ ಹುಡುಕಿದರು.

ಸಿಕ್ಕಿದ್ದು ಮರಳು ಚೆರ್ರಿ. ಮರಳು ದಿಬ್ಬದಲ್ಲಿ ಮೂರ್ನಾಲ್ಕು ಅಡಿ ಎತ್ತರಕ್ಕೆ ಬೆಳೆಯುವ ಕಂಟಿ. ಹಣ್ಣು ಕಪ್ಪು, ಸಣ್ಣದು, ತಿಂದರೆ ಬಾಯಿ ಒಗರು. ಆದರೆ ಬರಕ್ಕೂ ಹೆದರದು, ಹಿಮಕ್ಕೂ ಹೆದರದು. ಹ್ಯಾನ್ಸೆನ್ ಇದರ ಬೀಜದ ಸಸಿಗಳನ್ನು ಸಾವಿರಗಟ್ಟಲೆ ಬೆಳೆಸಿ, ಹಣ್ಣು ಚೆನ್ನಾಗಿರುವ ಕೆಲವನ್ನೇ ಉಳಿಸಿಕೊಂಡರು. ಹಾಗೆಯೇ ಈ ಕಂಟಿಯ ಹೂವಿಗೆ ದೊಡ್ಡ ಹಣ್ಣಿನ ಜಪಾನಿ ಜಾತಿಯ ಪ್ಲಮ್ ಗಿಡದ ಪರಾಗ ಮುಟ್ಟಿಸಿದರು. ಹುಟ್ಟಿದ ಮಿಶ್ರತಳಿಗಳಲ್ಲಿ ‘ಓಪಾಟಾ’ ಮತ್ತು ‘ಸಾಪಾ’ 1908ರಲ್ಲಿ ರೈತರ ಕೈಗೆ ಬಂದವು. ಸಾಪಾ ಅಂದರೆ ಅಲ್ಲಿನ ಮೂಲ ನಿವಾಸಿಗಳ ನುಡಿಯಲ್ಲಿ ಕಪ್ಪು ಅಂತ. ಅದರ ತಿರುಳೇ ಕಪ್ಪು ನೇರಳೆ ಬಣ್ಣ. ಗಿಡ ತಾಯಿಯಂತೆ ಕುಳ್ಳ, ಹಣ್ಣು ತಂದೆಯ ಕಡೆಗೆ ವಾಲಿದ್ದು. ನೆಟ್ಟ ಎರಡು ಮೂರು ವರ್ಷಕ್ಕೇ ಫಸಲು. ಇವಕ್ಕೆ ಚೆರ್ರಿ-ಪ್ಲಮ್ ಅಂತಲೇ ಹೆಸರಾಯಿತು. ಒಂದೇ ಗಿಡ ನೆಟ್ಟರೆ ಕಾಯಿ ನಿಲ್ಲದು, ಪರಾಗಕ್ಕೆ ಹತ್ತಿರದಲ್ಲಿ ಇನ್ನೊಂದು ಜಾತಿಯ ಗಿಡ ಬೇಕು ಅನ್ನುವುದೂ ಬೆಳೆದ ಮೇಲೆ ತಿಳಿಯಿತು.

ಇದರಿಂದ ನಾವು ತೆಗೆದುಕೊಳ್ಳಬೇಕಾದ ಮಾತು ನಾಲ್ಕು:

1. ಆ ನೆಲದಲ್ಲಿ ತಾನಾಗಿ ಬದುಕಿದ ಗಿಡದಿಂದ ಶುರು ಮಾಡಬೇಕು.
2. ಹೆಚ್ಚು ಸಸಿ ಬೆಳೆಸಿ, ಕೆಲವನ್ನು ಮಾತ್ರ ಇಟ್ಟುಕೊಳ್ಳಬೇಕು.
3. ಆರಿಸಿದ ಗಿಡವನ್ನು ಬೀಜದಿಂದಲ್ಲ, ಕಸಿಯಿಂದ ಹೆಚ್ಚಿಸಬೇಕು.
4. ಒಂದೇ ತಳಿ ಹಾಕದೆ, ಪರಾಗಕ್ಕೆ ಜೊತೆಗಿಡ ಇಡಬೇಕು.

ಆ ಚೆರ್ರಿ ನಮ್ಮಲ್ಲಿ ಬರುತ್ತದೆಯೇ?

ಬರುವುದಿಲ್ಲ. ಹೊಸ ಗಿಡ ಅಂದರೆ ನಮ್ಮವರಿಗೆ ಆಸೆ. ಬಣ್ಣದ ಚಿತ್ರ ತೋರಿಸಿ ಸಸಿ ಮಾರುವವರೂ ಊರೂರಿಗೆ ಬರುತ್ತಾರೆ. ಅದಕ್ಕೇ ಇಷ್ಟು ಸ್ಪಷ್ಟವಾಗಿ ಹೇಳಬೇಕಾಯಿತು. ಚೆರ್ರಿ, ಪ್ಲಮ್, ಸೇಬು ಇವೆಲ್ಲ ಚಳಿಯಲ್ಲಿ ಎಲೆ ಉದುರಿಸಿ ಮಲಗುವ ಗಿಡಗಳು. ಜಾತಿಗೆ ತಕ್ಕಂತೆ ನೂರಾರು ತಾಸು, ಕೆಲವಕ್ಕೆ ಸಾವಿರ ತಾಸು, ಸುಮಾರು 7 ಡಿಗ್ರಿಗಿಂತ ಕೆಳಗಿನ ತಂಪು ಸಿಕ್ಕರೆ ಮಾತ್ರ ಎದ್ದು ಹೂ ಬಿಡುತ್ತವೆ. ನಮ್ಮಲ್ಲಿ ಎಳ್ಳಮಾವಾಸ್ಯೆ ಚಳಿ ಅಂದರೂ ಬೆಳಗಿನ ಜಾವ 12-15 ಡಿಗ್ರಿ, ಮಧ್ಯಾಹ್ನಕ್ಕೆ ಮತ್ತೆ ಅಂಗಿ ಬಿಚ್ಚುವ ಬಿಸಿಲು. ಇಂಥಲ್ಲಿ ಆ ಗಿಡ ಮಲಗುವುದೂ ಇಲ್ಲ, ಏಳುವುದೂ ಇಲ್ಲ. ಬೇಸಿಗೆಯ 43-44 ಡಿಗ್ರಿ ಬಂದಾಗ ಅದರ ಕತೆ ಮುಗಿಯುತ್ತದೆ.

ಬಾರಿಯ ಲೆಕ್ಕ ಉಲ್ಟಾ. ಚೆರ್ರಿ ಹಿಮದಲ್ಲಿ ಮಲಗಿದರೆ ಬಾರಿ ಬಿಸಿಲಲ್ಲಿ ಮಲಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ, ನೀರೇ ಇಲ್ಲದ ಹೊತ್ತಿನಲ್ಲಿ, ಎಲೆ ಉದುರಿಸಿ ಸುಮ್ಮನಿರುತ್ತದೆ. ಮಿರಗ ಮಳೆ ಬಿದ್ದ ಕೂಡಲೆ ಏಳುತ್ತದೆ. ಮಳೆಗಾಲದಲ್ಲಿ ಬೆಳೆದು, ಹೂ ಬಿಟ್ಟು, ನೆಲದಲ್ಲಿ ಉಳಿದ ಹಸಿಯ ಮೇಲೆ ಚಳಿಗಾಲದಲ್ಲಿ ಹಣ್ಣು ಕೊಡುತ್ತದೆ. ಅಂದರೆ ನಮ್ಮ ಮಳೆಯ ಪಂಚಾಂಗವೇ ಅದರ ಪಂಚಾಂಗ. ಬೇರು ಆಳಕ್ಕೆ ಇಳಿಯುತ್ತದೆ. ಕಲ್ಲು ಮಡ್ಡಿ, ಎರಿ, ಮಸಾರಿ ಯಾವುದಾದರೂ ನಡೆಯುತ್ತದೆ. ಭೀಮಾ ದಂಡೆಯ ಕಬ್ಬಿನ ಪಟ್ಟಿಯಲ್ಲಿ, ಕಾಲುವೆ ಕೆಳಗಿನ ಎರಿಯಲ್ಲಿ ಸವಳು ಎದ್ದ ತುಂಡುಗಳಿದ್ದರೆ ಬೇರೆ ಹಣ್ಣಿನ ಗಿಡಗಳಿಗಿಂತ ಬಾರಿ ಅದನ್ನು ಹೆಚ್ಚು ತಾಳಿಕೊಳ್ಳುತ್ತದೆ.

ಚೆರ್ರಿಗೂ ಬಾರಿಗೂ ಕುಲದ ಸಂಬಂಧ ಇಲ್ಲ. ಆದರೆ ಒಳಗೆ ಗಟ್ಟಿ ಗೊರಟೆ, ಮೇಲೆ ತಿರುಳು, ಕಾಡಿನಲ್ಲಿ ಒಗರು-ಹುಳಿ, ಊರಿಗೆ ತಂದರೆ ಸಿಹಿ ಅನ್ನುವುದರಲ್ಲಿ ಹೋಲಿಕೆ ಇದೆ. ನಮ್ಮ ಒಣ ಭೂಮಿಗೆ ಮರಳು ಚೆರ್ರಿ ಇದ್ದ ಹಾಗೆ ಈ ಕಾಡು ಬಾರಿ. ನಮ್ಮಲ್ಲಿ ಬಾರಿ, ಬ್ವಾರಿ ಅನ್ನುವುದನ್ನೇ ಬೇರೆ ಕಡೆ ಬೋರೆ, ಎಲಚಿ ಅನ್ನುತ್ತಾರೆ.

ಗೊರಟೆ ಊರಿದರೆ ಸಾಲದೇ?

ಪೇಟೆಯಿಂದ ತಂದ ದೊಡ್ಡ ಬಾರಿ ಹಣ್ಣು ತಿಂದು, ಗೊರಟೆ ಊರಿ, ‘ಹಣ್ಣು ಸಣ್ಣದೇ ಬಂತು’ ಅನ್ನುವವರು ಬಹಳ. ಬಾರಿಯ ಹೂವಿಗೆ ನೊಣ, ಜೇನು ಬೇರೆ ಗಿಡದ ಪರಾಗ ತಂದು ಮುಟ್ಟಿಸುತ್ತವೆ. ಹಾಗಾಗಿ ಗೊರಟೆಯ ಸಸಿ ತಾಯಿಯ ಹಾಗಿರುವುದಿಲ್ಲ. ನೂರು ಗೊರಟೆ ಊರಿದರೆ ನೂರು ಬಗೆ. ಹೆಚ್ಚಿನವು ಕಾಡಿನ ಕಡೆಗೇ ತಿರುಗುತ್ತವೆ. ಎಲ್ಲೋ ಒಂದು ತಾಯಿಗಿಂತ ಚೆನ್ನಾಗಿ ಬರಬಹುದು. ಆ ಒಂದನ್ನು ಹುಡುಕುವುದು ತಳಿ ಕೆಲಸ. ಅದರ ಬಗ್ಗೆ ಮುಂದೆ ನೋಡೋಣ. ಖಾತ್ರಿ ಹಣ್ಣು ಬೇಕಾದರೆ ಕಣ್ಣು ಕಸಿಯೇ ದಾರಿ. ಬೇರು ಕಾಡಿನದು, ಕಣ್ಣು ಆರಿಸಿದ ತಳಿಯದು.

ಯಾವ ತಳಿ?

ಗೋಲಾ: ಬೇಗ ಬರುತ್ತದೆ. ದುಂಡಗೆ, ಬಂಗಾರ ಹಳದಿ, ರಸ ಜಾಸ್ತಿ. ಮಳೆ ಬೇಗ ನಿಲ್ಲುವ ಹೊಲಕ್ಕೆ ಒಳ್ಳೆಯದು. ನೆಲದ ಹಸಿ ಆರುವ ಮೊದಲೇ ಫಸಲು ಮುಗಿದಿರುತ್ತದೆ.

ಸೇಬ್, ಕೈಥ್ಲಿ: ನಡುಗಾಲದವು. ಸೇಬ್ ರುಚಿಗೆ ಹೆಸರಾದದ್ದು. ಕೈಥ್ಲಿಗೆ ಬೂದಿ ರೋಗದ ಕಾಟ ಇರುವುದರಿಂದ ನಿಗಾ ಬೇಕು.

ಉಮ್ರಾನ್: ತಡವಾಗಿ ಬರುವುದು. ಹಣ್ಣು ದೊಡ್ಡದು, ಹೊಳಪು, ಹಳದಿಯಿಂದ ಕಂದು ಬಣ್ಣಕ್ಕೆ ತಿರುಗುತ್ತದೆ. ಕಿತ್ತ ಮೇಲೆ ಹೆಚ್ಚು ದಿನ ತಾಳುತ್ತದೆ, ದೂರದ ಪೇಟೆಗೆ ಕಳಿಸಬಹುದು. ಆದರೆ ಕೊನೆಗೆ ಒಂದೆರಡು ನೀರು ಸಿಕ್ಕರೆ ಮಾತ್ರ ಗಾತ್ರ ಬರುತ್ತದೆ.

ಮೆಹರೂನ್: ನೆರೆಯ ಮಹಾರಾಷ್ಟ್ರದ ಜಳಗಾಂವ ಕಡೆಯ ಹೆಸರಾಂತ ಬಾರಿ.

ಕಳೆದ ದಶಕದಲ್ಲಿ ‘ಆಪಲ್ ಬಾರಿ’ ಅಂತ ಬಹಳ ದೊಡ್ಡ ಹಣ್ಣಿನದು ಬಂತು. ನೀರು ಇದ್ದವರಿಗೆ ಫಸಲು ಬೇಗ. ಒಣ ಹೊಲದವರು ಮೊದಲು ಎರಡು ಗಿಡ ಹಾಕಿ ನೋಡಿ, ಆಮೇಲೆ ಮುಂದುವರಿಯಲಿ. ಯಾವ ತಳಿಗೂ ಇದೇ ಮಾತು. ಹೊಲ ಒಪ್ಪಿದ ಮೇಲೆ ನಾವು ಒಪ್ಪಬೇಕು.

ಒಂದೇ ತಳಿಯಿಂದ ಹೊಲ ತುಂಬಬೇಡಿ. ಬಾರಿಯ ಎಷ್ಟೋ ತಳಿಗಳು ತಮ್ಮ ಪರಾಗದಿಂದ ತಾವೇ ಕಾಯಿ ಕಟ್ಟಲಾರವು. ಕೆಲವು ತಳಿಯ ಹೂ ಬೆಳಿಗ್ಗೆ ಅರಳಿದರೆ ಕೆಲವು ಮಧ್ಯಾಹ್ನ ಅರಳುತ್ತವೆ. ಎರಡು ಮೂರು ತಳಿ ಬೆರೆಸಿ ಹಾಕಿದರೆ ಕಾಯಿ ಚೆನ್ನಾಗಿ ನಿಲ್ಲುತ್ತದೆ, ಹಣ್ಣೂ ಒಂದೇ ಸಲಕ್ಕೆ ಬಾರದೆ ಎರಡು ಮೂರು ತಿಂಗಳು ಹರಡಿಕೊಳ್ಳುತ್ತದೆ. ಕಾಡು ಬಾರಿ ಕಂಟಿ ಒಂದೆರಡು ಒಡ್ಡಿನಲ್ಲಿ ಹಾಗೇ ಇರಲಿ. ಹೂವಿನ ಹೊತ್ತಿಗೆ ನೊಣ-ಜೇನು ಸಾಯುವಂಥ ಔಷಧಿ ಹೊಡೆಯಬಾರದು.

ಇದ್ದ ಕಾಡು ಗಿಡಕ್ಕೇ ಕಣ್ಣು ಹಾಕುವುದು

ಇದು ಅತಿ ಸುಲಭದ, ಅತಿ ಬೇಗ ಫಲ ಕೊಡುವ ದಾರಿ. ಬೇರು ಆಗಲೇ ಇಳಿದಿರುವುದರಿಂದ ನೀರು ಹಾಕುವ ಗೋಜಿಲ್ಲ.

ಮಾರ್ಚ್ ಕೊನೆ ಅಥವಾ ಏಪ್ರಿಲಿನಲ್ಲಿ ಕಾಡು ಬಾರಿಯನ್ನು ನೆಲದಿಂದ ಎರಡು-ಮೂರು ಅಡಿ ಎತ್ತರದಲ್ಲಿ ಗರಗಸದಿಂದ ಕೊಯ್ಯಿರಿ. ಕೊಡಲಿಯಿಂದ ಕಡಿದರೆ ಬುಡ ಸೀಳುತ್ತದೆ. ಕೊಯ್ದ ಮುಖ ಸ್ವಲ್ಪ ಓರೆ ಇದ್ದರೆ ಮಳೆ ನೀರು ನಿಲ್ಲುವುದಿಲ್ಲ. ಅದಕ್ಕೆ ಬೋರ್ಡೋ ಮುಲಾಮು ಅಥವಾ ಸಗಣಿ-ಮಣ್ಣು ಮೆತ್ತಿ. ಕಡಿದ ಮುಳ್ಳನ್ನು ಸುಡಬೇಡಿ. ಅದನ್ನೇ ಗಿಡದ ಸುತ್ತ ಹಾಕಿದರೆ ಆಡುಗಳಿಂದ ರಕ್ಷಣೆ. ಬಾರಿ ಚಿಗುರು ಕಂಡರೆ ಆಡು ಬಿಡುವುದಿಲ್ಲ ಅನ್ನುವುದು ಗೊತ್ತೇ ಇದೆ.

ಮೊದಲ ಮಳೆಗೆ ಬುಡದಿಂದ ಹತ್ತಾರು ಚಿಗುರು ಬರುತ್ತವೆ. ನಾಲ್ಕೂ ದಿಕ್ಕಿಗೆ ಒಂದೊಂದರಂತೆ ಮೂರು ನಾಲ್ಕು ಗಟ್ಟಿ ಚಿಗುರು ಬಿಟ್ಟು ಉಳಿದದ್ದು ತೆಗೆಯಿರಿ. ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ, ಅಂದರೆ ಜುಲೈ ತಿಂಗಳಲ್ಲಿ, ಈ ಚಿಗುರು ಪೆನ್ಸಿಲ್ ದಪ್ಪ ಆಗುತ್ತದೆ. ಆಗ ಕಣ್ಣು ಹಾಕಬೇಕು. ಆಗಸ್ಟ್ ಮುಗಿಯುವ ತನಕ ನಡೆಯುತ್ತದೆ.

ಕಣ್ಣು ಹಾಕುವ ಕ್ರಮ

1. ಒಳ್ಳೆಯ ಫಸಲು ಕೊಡುವ, ರೋಗ ಇಲ್ಲದ ಗಿಡದಿಂದ ಈ ವರ್ಷದ ಬಲಿತ ಕಡ್ಡಿ ತೆಗೆಯಿರಿ. ಕಣ್ಣು ಉಬ್ಬಿರಬೇಕು, ಒಡೆದಿರಬಾರದು. ಎಲೆ ಕತ್ತರಿಸಿ ತೊಟ್ಟು ಉಳಿಸಿ. ಒದ್ದೆ ಗೋಣಿಚೀಲದಲ್ಲಿ ಸುತ್ತಿ ತಂದು ಅದೇ ದಿನ ಬಳಸಿ.

2. ಕಾಡು ಚಿಗುರಿನ ಬುಡದಿಂದ ಒಂದು ಗೇಣು ಒಳಗೆ, ಮುಳ್ಳು ಸವರಿ, ಒದ್ದೆ ಬಟ್ಟೆಯಿಂದ ಒರೆಸಿ. ತೊಗಟೆಯ ಮೇಲೆ ಇಂಗ್ಲಿಷಿನ ಟಿ ಅಕ್ಷರದ ಹಾಗೆ ಗೀರಿ. ಉದ್ದ ಗೀರು ಒಂದು ಅಂಗುಲ ಸಾಕು. ಚಾಕು ಕಟ್ಟಿಗೆಗೆ ಇಳಿಯಬಾರದು.

3. ತಂದ ಕಡ್ಡಿಯಿಂದ ಕಣ್ಣನ್ನು ಗುರಾಣಿ ಆಕಾರದಲ್ಲಿ, ಮುಕ್ಕಾಲು ಅಂಗುಲ ತೊಗಟೆ ಸಮೇತ ಎಬ್ಬಿಸಿ. ಹಿಂದೆ ಕಟ್ಟಿಗೆ ಚೂರು ಇದ್ದರೆ ಮೆಲ್ಲಗೆ ತೆಗೆಯಿರಿ. ಒಳಮೈಗೆ ಬೆರಳು ತಾಗಿಸಬೇಡಿ.

4. ಗೀರಿದ ತೊಗಟೆ ಬಿಡಿಸಿ ಕಣ್ಣನ್ನು ಮೇಲಿನಿಂದ ಕೆಳಗೆ ಜಾರಿಸಿ ಕೂರಿಸಿ. ಕಣ್ಣು ತಲೆಕೆಳಗಾಗಬಾರದು. ಬೆರಳಗಲದ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ. ಕಣ್ಣಿನ ತುದಿ ಮಾತ್ರ ಹೊರಗಿರಲಿ.

5. ಹತ್ತು-ಹದಿನೈದು ದಿನಕ್ಕೆ ನೋಡಿ. ಮುಟ್ಟಿದರೆ ತೊಟ್ಟು ಉದುರಿ ಕಣ್ಣು ಹಸಿರಾಗಿದ್ದರೆ ಹಿಡಿದಿದೆ ಅಂತ ಅರ್ಥ. ತೊಟ್ಟು ಒಣಗಿ ಅಂಟಿಕೊಂಡಿದ್ದರೆ ಹೋಯಿತು, ಅದೇ ಚಿಗುರಿನ ಇನ್ನೊಂದು ಮಗ್ಗುಲಿಗೆ ಮತ್ತೆ ಹಾಕಿ.

6. ಹಿಡಿದ ಕಣ್ಣಿನ ಮೇಲಿನ ಕಾಡು ಚಿಗುರನ್ನು ಮೊದಲು ಅರ್ಧ ಕತ್ತರಿಸಿ. ಕಣ್ಣು ಒಡೆದು ಒಂದು ಗೇಣು ಬೆಳೆದ ಮೇಲೆ ಪೂರ್ತಿ ಕತ್ತರಿಸಿ, ಪಟ್ಟಿ ಬಿಚ್ಚಿ. ಗಾಳಿಗೆ ಸೀಳದಂತೆ ಒಂದು ಕೋಲು ಕಟ್ಟಿ.

ಇದಾದ ಮೇಲೂ ಕೆಲಸ ಮುಗಿಯಲಿಲ್ಲ. ಕಣ್ಣಿನ ಕೆಳಗಿನಿಂದ ಕಾಡು ಚಿಗುರು ಬರುತ್ತಲೇ ಇರುತ್ತದೆ. ಹದಿನೈದು ದಿನಕ್ಕೊಮ್ಮೆ ಮುರಿಯದಿದ್ದರೆ ಅದೇ ಮೇಲಾಗಿ ಕಸಿಯನ್ನು ನುಂಗುತ್ತದೆ. ‘ಕಸಿ ಬಾರಿ ಎರಡು ವರ್ಷಕ್ಕೆ ಮತ್ತೆ ಕಾಡು ಬಾರಿ ಆಯಿತು’ ಅನ್ನುವ ಮಾತಿನ ಗುಟ್ಟು ಇದೇ.

ಹೊಸದಾಗಿ ಹಾಕುವವರಿಗೆ

ಗಿಡ ಇಲ್ಲದ ಜಾಗಕ್ಕೆ ಕಾಡು ಬಾರಿಯ ಗೊರಟೆಯನ್ನು ನಿಂತಲ್ಲೇ ಊರಿ ಕಸಿ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು. ಬಾರಿಯ ತಾಯಿಬೇರು ಉದ್ದ. ಚೀಲದಲ್ಲಿ ಹೆಚ್ಚು ದಿನ ಇಟ್ಟರೆ ಸುರುಳಿ ಸುತ್ತುತ್ತದೆ, ಕಿತ್ತು ನೆಟ್ಟರೆ ತುಂಡಾಗುತ್ತದೆ. ಬೇರು ಕೆಟ್ಟ ಬಾರಿಗೆ ಬರ ತಾಳುವ ಶಕ್ತಿ ಎಲ್ಲಿಂದ ಬರಬೇಕು?

ಚಳಿಗಾಲದಲ್ಲಿ ಪೂರ್ತಿ ಹಣ್ಣಾಗಿ ಬಿದ್ದ ಕಾಡು ಬಾರಿ ಆರಿಸಿ, ತಿರುಳು ತೊಳೆದು, ನೆರಳಲ್ಲಿ ಒಣಗಿಸಿ ಇಡಿ. ಉಪ್ಪು ನೀರಿಗೆ ಹಾಕಿ ತೇಲಿದ್ದು ಬಿಸಾಡಿ, ಮುಳುಗಿದ್ದು ತೊಳೆದು ಇಟ್ಟುಕೊಳ್ಳಿ. ಇಡೀ ಗೊರಟೆ ಮೊಳೆಯಲು ಮೂರ್ನಾಲ್ಕು ವಾರ ಬೇಕು. ಹಗುರ ಕೈಯಿಂದ ಗೊರಟೆ ಒಡೆದು ಒಳಗಿನ ಬೀಜ ಊರಿದರೆ ವಾರ-ಹತ್ತು ದಿನಕ್ಕೇ ಮೊಳಕೆ.

ಮೇ ತಿಂಗಳಲ್ಲಿ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಎರಡು ಬುಟ್ಟಿ ತಿಪ್ಪೆಗೊಬ್ಬರ, ಮೇಲ್ಮಣ್ಣು ಬೆರೆಸಿ ತುಂಬಿ. ಮಿರಗ ಮಳೆಗೆ ಗುಂಡಿಗೆ ಮೂರು ನಾಲ್ಕು ಬೀಜ ಊರಿ. ಮುಂದಿನ ಮಳೆಗಾಲಕ್ಕೆ ಗಟ್ಟಿ ಸಸಿ ಒಂದನ್ನು ಇಟ್ಟು ಕಣ್ಣು ಹಾಕಿ. 20 ಅಡಿಗೆ ಒಂದು ಸಾಲು, ಸಾಲಿನಲ್ಲಿ 20 ಅಡಿಗೆ ಒಂದು ಗಿಡದಂತೆ ಎಕರೆಗೆ 108 ಗಿಡ ಹಿಡಿಯುತ್ತವೆ. ಹತ್ತು ಗುಂಟೆ ಮಡ್ಡಿ ಇದ್ದರೆ 27 ಗಿಡ. ಒಡ್ಡಿನ ಮೇಲಾದರೆ ಒಂದು ಎಕರೆ ಚೌಕದ ಒಂದು ಮಗ್ಗುಲಿಗೆ ಹತ್ತು ಗಿಡ.

ಇಳಿಜಾರಿನಲ್ಲಿ ಗಿಡದ ಕೆಳಮಗ್ಗುಲಿಗೆ ಅರ್ಧಚಂದ್ರದ ಹಾಗೆ ಸಣ್ಣ ಒಡ್ಡು ಹಾಕಿದರೆ ಮಳೆ ನೀರು ಬುಡದಲ್ಲೇ ಇಂಗುತ್ತದೆ. ಮೊದಲ ಎರಡು ಬೇಸಿಗೆ ಹದಿನೈದು ದಿನಕ್ಕೊಮ್ಮೆ ಎರಡು ಕೊಡ ನೀರು ಹಾಕಿ ಅಥವಾ ಬುಡದಲ್ಲಿ ಒಂದು ಮಣ್ಣಿನ ಗಡಿಗೆ ಹೂಳಿ ತುಂಬಿಸಿ. ಮೂರು ವರ್ಷದ ತನಕ ಸಾಲಿನ ನಡುವೆ ಹೆಸರು, ಉದ್ದು, ಮಡಿಕೆ ತೆಗೆಯಬಹುದು.

ಸವರದಿದ್ದರೆ ಹಣ್ಣಿಲ್ಲ

ಬಾರಿಯಲ್ಲಿ ಹೂ ಬರುವುದು ಈ ವರ್ಷದ ಹೊಸ ಚಿಗುರಿನ ಎಲೆ ಬುಡದಲ್ಲಿ. ಚಿಗುರು ಎಷ್ಟು ಗಟ್ಟಿಯೋ ಹಣ್ಣು ಅಷ್ಟು ದೊಡ್ಡದು. ಅದಕ್ಕೇ ಪ್ರತಿ ವರ್ಷ ಗಿಡ ಮಲಗಿದಾಗ, ಏಪ್ರಿಲ್ ಕೊನೆಯಿಂದ ಮೇ ನಡುವಿನ ತನಕ, ಸವರಲೇಬೇಕು. ಕಳೆದ ವರ್ಷದ ಕಡ್ಡಿಯನ್ನು ಅರ್ಧದಷ್ಟು ಮೊಟಕು ಮಾಡಿ. ಒಣಗಿದ್ದು, ಒಂದರ ಮೇಲೊಂದು ಹೊರಳಿದ್ದು, ನೆಲಕ್ಕೆ ಜೋತದ್ದು ತೆಗೆಯಿರಿ. ಗಿಡದ ನಡುವೆ ಬಿಸಿಲು ಬೀಳಬೇಕು. ಸವರಿದ ಮುಳ್ಳು ಬೇಲಿಗಾಯಿತು. ಎಳೆ ಎಲೆ ಸೊಪ್ಪು ಆಡು-ಕುರಿಗೆ ಒಳ್ಳೆಯ ಮೇವು.

ಹುಳು ಮತ್ತು ಬೂದಿ

ಹಣ್ಣು ಕಚ್ಚಿದರೆ ಒಳಗೆ ಬಿಳಿ ಹುಳು. ಬಾರಿಯ ಮಾನ ಕಳೆಯುವುದು ಇದೊಂದೇ. ಹಣ್ಣಿನ ನೊಣ ಎಳೆಗಾಯಿಯಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಗೊರಟೆಯ ಸುತ್ತ ತಿನ್ನುತ್ತದೆ. ಹಣ್ಣು ಬಿದ್ದ ಮೇಲೆ ಹುಳು ಮಣ್ಣಿಗಿಳಿದು ಕೋಶ ಕಟ್ಟಿ ಮುಂದಿನ ಫಸಲಿಗೆ ಕಾಯುತ್ತದೆ. ಹಾಗಾಗಿ ಬಿದ್ದ ಹಣ್ಣನ್ನು ದಿನಾ ಆರಿಸಿ ನೀರಲ್ಲಿ ಮುಳುಗಿಸಿ ಕೊಲ್ಲಬೇಕು ಅಥವಾ ಆಳವಾಗಿ ಹೂಳಬೇಕು. ಬೇಸಿಗೆಯಲ್ಲಿ ಗಿಡದ ಬುಡ ಅಗೆದು ಮಣ್ಣು ತಿರುವಿದರೆ ಕೋಶ ಬಿಸಿಲಿಗೆ ಸಾಯುತ್ತದೆ, ಕೋಳಿ ಬಿಟ್ಟರೆ ಆರಿಸಿ ತಿನ್ನುತ್ತವೆ. ಒಬ್ಬರೇ ಮಾಡಿದರೆ ಸಾಲದು, ನೆರೆಹೊಲದವರೂ ಮಾಡಬೇಕು.

ಮಳೆ ನಿಂತು ಇಬ್ಬನಿ ಶುರುವಾದಾಗ ಎಳೆಗಾಯಿಯ ಮೇಲೆ ಬಿಳಿ ಬೂದಿ ಕಾಣುತ್ತದೆ. ಬಿಟ್ಟರೆ ಕಾಯಿ ಒರಟಾಗಿ, ಸೀಳಿ ಉದುರುತ್ತದೆ. ಕಂಡ ಕೂಡಲೆ ನೀರಿನಲ್ಲಿ ಬೆರೆಯುವ ಗಂಧಕದ ಪುಡಿ ಲೀಟರಿಗೆ 2 ಗ್ರಾಂ ಹಾಕಿ ತಂಪು ಹೊತ್ತಿನಲ್ಲಿ ಸಿಂಪಡಿಸಿ. ಹದಿನೈದು ದಿನ ಬಿಟ್ಟು ಮತ್ತೊಮ್ಮೆ.

ನಮ್ಮ ತಳಿ ನಾವೇ ಮಾಡಬಹುದೇ?

ಮಾಡಬಹುದು. ಹ್ಯಾನ್ಸೆನ್ ದಾರಿಯಲ್ಲೇ ನಮ್ಮ ದೇಶದಲ್ಲೂ ಬಾರಿಯ ಕೆಲಸ ನಡೆದಿದೆ. ರಾಜಸ್ಥಾನದಲ್ಲಿ ‘ಟಿಕಡಿ’ ಅಂತ ಸಣ್ಣ ಹಣ್ಣಿನ ಒಂದು ಬಾರಿ ಇದೆ. ಮಾರಲು ಬಾರದ ಗಾತ್ರ, ಆದರೆ ಹಣ್ಣಿನ ನೊಣಕ್ಕೆ ಜಗ್ಗದು. ಜೋಧಪುರದ ಕೇಂದ್ರ ಒಣಪ್ರದೇಶ ಸಂಶೋಧನಾ ಸಂಸ್ಥೆಯವರು ಇದನ್ನು ರುಚಿಯ ‘ಸೇಬ್’ ಜೊತೆ ಕೂಡಿಸಿ, ದೊಡ್ಡ ಹಣ್ಣು, ಹುಳು ಕಡಿಮೆ ಇರುವ ಸಂತತಿಗಾಗಿ ದುಡಿದರು. ಬಿಕಾನೇರ್ ಸಂಸ್ಥೆಯ ‘ಥಾರ್ ಸೇವಿಕಾ’ ಕೂಡ ಸೇಬ್ ಮತ್ತು ‘ಕಾಠಾ’ ಅನ್ನುವ ಬಾರಿಯ ಮಗು. ಕಾಡಿನ, ಹಳ್ಳಿಯ ಸಣ್ಣ ಬಾರಿಯಲ್ಲಿ ಎಂಥ ಗುಣ ಅಡಗಿರುತ್ತದೆ ಅನ್ನುವುದಕ್ಕೆ ಇದು ಸಾಕ್ಷಿ.

ರೈತರು ಮೂರು ಹಂತದಲ್ಲಿ ಈ ಕೆಲಸ ಮಾಡಬಹುದು.

ಮೊದಲನೆಯದು ಹುಡುಕುವುದು. ಪ್ರತಿ ಊರಲ್ಲೂ ಹುಡುಗರಿಗೆ ಗೊತ್ತಿರುವ ಒಂದು ‘ಸಿಹಿ ಬಾರಿ’ ಇರುತ್ತದೆ. ದನಕಾಯುವ ಹುಡುಗರನ್ನು ಕೇಳಿ, ಅವರಷ್ಟು ಚೆನ್ನಾಗಿ ಯಾರೂ ಹೇಳಲಾರರು. ಹಣ್ಣಿನ ಕಾಲದಲ್ಲಿ ಸುತ್ತಾಡಿ ಅಂಥ ಗಿಡಕ್ಕೆ ಬಣ್ಣದ ಗುರುತು ಹಾಕಿ. ಒಂದು ನೋಟುಬುಕ್ಕಿನಲ್ಲಿ ಬರೆದಿಡಿ: ಎಲ್ಲಿದೆ, ಯಾವಾಗ ಹಣ್ಣಾಯಿತು, ನೂರು ಹಣ್ಣಿಗೆ ತೂಕ ಎಷ್ಟು, ನೂರರಲ್ಲಿ ಹುಳುಕು ಎಷ್ಟು, ಬೂದಿ ಬಂತೇ, ಮಳೆ ಕಡಿಮೆಯಾದ ವರ್ಷ ಹೇಗಿತ್ತು. ಮೂರು ವರ್ಷ ಬರೆದರೆ ಯಾವುದು ನಿಜವಾದ ಒಳ್ಳೆಯ ಗಿಡ ಅಂತ ತಾನೇ ತಿಳಿಯುತ್ತದೆ. ಅದರ ಕಣ್ಣು ತಂದು ನಿಮ್ಮ ಒಡ್ಡಿನ ಗಿಡಕ್ಕೆ ಹಾಕಿ.

ಎರಡನೆಯದು ಸಸಿ ಬೆಳೆಸಿ ಆರಿಸುವುದು. ಉಮ್ರಾನ್, ಗೋಲಾ ಇಂಥವುಗಳ ಹತ್ತಿರ ನಿಂತ ಒಳ್ಳೆಯ ನಾಟಿ ಗಿಡದ ಗೊರಟೆ ತೆಗೆದು ಐವತ್ತು ಸಸಿ ಒತ್ತೊತ್ತಾಗಿ ಬೆಳೆಸಿ. ಹಣ್ಣು ಬರುವ ತನಕ ಕಾಯಲು ಆಗದಿದ್ದರೆ ಸಸಿಯ ಕಣ್ಣನ್ನು ಹಳೇ ಗಿಡದ ಒಂದೊಂದು ಕೊಂಬೆಗೆ ಹಾಕಿ ಹೆಸರು ಚೀಟಿ ಕಟ್ಟಿ. ಬಲಿತ ಬೇರಿನ ಬಲದಿಂದ ಬೇಗ ಹಣ್ಣು ನೋಡಬಹುದು. ಐವತ್ತರಲ್ಲಿ ಒಂದು ಉಳಿದರೂ ಲಾಭವೇ.

ಮೂರನೆಯದು ಕೈಯಾರೆ ಪರಾಗ ಮುಟ್ಟಿಸುವುದು. ತಾಳ್ಮೆ ಇದ್ದವರ ಕೆಲಸ ಇದು. ನಾಳೆ ಅರಳುವ ಮೊಗ್ಗು ಆರಿಸಿ, ಸೂಜಿಯಿಂದ ಬಿಡಿಸಿ, ಒಳಗಿನ ಐದು ಕೇಸರ ಕಿತ್ತು, ತೆಳು ಬಟ್ಟೆಯ ಚೀಲ ಕಟ್ಟಿ. ಮರುದಿನ ತಂದೆ ಗಿಡದ ಆಗ ತಾನೇ ಅರಳಿದ ಹೂ ತಂದು ಮುಟ್ಟಿಸಿ ಮತ್ತೆ ಚೀಲ ಕಟ್ಟಿ. ಹೂ ಜೋಳದ ಕಾಳಿನಷ್ಟು. ನೂರಕ್ಕೆ ಕೆಲವೇ ನಿಲ್ಲುತ್ತವೆ. ನಿಂತ ಕಾಯಿಗೆ ಬಣ್ಣದ ದಾರ ಕಟ್ಟಿ ಗೊರಟೆ ಬೇರೆ ಇಡಿ. ಶಾಲೆ ಕಲಿತ ಮಕ್ಕಳ ಕಣ್ಣು, ಕೈ ಇದಕ್ಕೆ ಚೆನ್ನ.

ಮಾರಾಟದ ಮಾತು

ಕಸಿ ಮಾಡಿದ ಎರಡು ಮೂರು ವರ್ಷಕ್ಕೆ ಹಣ್ಣು ಶುರು. ಏಳೆಂಟು ವರ್ಷದ ಗಿಡ ಬರೀ ಮಳೆಯಲ್ಲಿ 50 ಕಿಲೋ ಆಸುಪಾಸು, ನೀರಿದ್ದರೆ ಅದಕ್ಕಿಂತ ಹೆಚ್ಚು ಕೊಡಬಲ್ಲದು. ಎಲ್ಲ ಹಣ್ಣು ಒಂದೇ ದಿನ ಬಲಿಯುವುದಿಲ್ಲ. ಹಸಿರು ಹೋಗಿ ಹಳದಿ ಬಂದದ್ದನ್ನು ನಾಲ್ಕೈದು ಸಲ ಕೈಯಿಂದ ಬಿಡಿಸಬೇಕು. ಕೋಲಿನಿಂದ ಬಡಿದರೆ ಹಣ್ಣು ಜಜ್ಜಿ ಮರುದಿನಕ್ಕೆ ಕಪ್ಪಾಗುತ್ತದೆ. ದೊಡ್ಡದು, ಸಣ್ಣದು ಬೇರೆ ಮಾಡಿ ಮಾರಿದರೆ ದರದಲ್ಲಿ ವ್ಯತ್ಯಾಸ ಸಿಗುತ್ತದೆ.

ನಮ್ಮ ಭಾಗದಲ್ಲಿ ಬಾರಿಗೆ ಗಿರಾಕಿ ಹುಡುಕಬೇಕಾಗಿಲ್ಲ. ಎಳ್ಳಮಾವಾಸ್ಯೆಯ ಚರಗದ ಬುತ್ತಿಯ ಜೊತೆ ಬಾರಿ, ಸಂಕ್ರಾಂತಿಗೆ ಮಕ್ಕಳ ತಲೆ ಮೇಲೆ ಸುರಿಯಲು ಬಾರಿ. ದೇವಲ ಗಾಣಗಾಪುರಕ್ಕೆ ದತ್ತ ಜಯಂತಿಗೆ ಬರುವ ಜನ ಎಷ್ಟು ಅಂತ ನೋಡಿದ್ದೇವೆ. ಬೇಗದ ತಳಿ, ತಡದ ತಳಿ ಎರಡೂ ಇದ್ದರೆ ಈ ಹಬ್ಬ-ಜಾತ್ರೆಗಳ ಜೊತೆಗೇ ಹಣ್ಣು ಇಳಿಸಬಹುದು. ಉಳಿದ ಹುಳಿ ಬಾರಿಯನ್ನು ಬಿಸಾಡಬೇಡಿ. ಉಪ್ಪು, ಖಾರ, ಬೆಲ್ಲ ಹಾಕಿ ಕುಟ್ಟಿ ತಟ್ಟಿ ಒಣಗಿಸಿದ ಬಾರಿ ವಡೆ ವರ್ಷಗಟ್ಟಲೆ ಇರುತ್ತದೆ. ಮನೆಯ ಹೆಣ್ಣುಮಕ್ಕಳಿಗೆ, ಸ್ವಸಹಾಯ ಗುಂಪುಗಳಿಗೆ ಇದೊಂದು ದುಡಿಮೆ.

ಈ ಬೇಸಿಗೆಗೆ ಒಂದು ಕೆಲಸ

ಹೊಲದ ಒಡ್ಡು ಅಗಲ ಮಾಡಲು, ಕಂಟಿ ತೆಗೆಯಲು ಈಗ ಜೆಸಿಬಿ ಕರೆಸುತ್ತೇವೆ. ಒಂದು ತಾಸಿನಲ್ಲಿ ಅದು ಕಿತ್ತೆಸೆಯುವ ಬೇರಿನಲ್ಲಿ ನಮ್ಮ ಅಜ್ಜಂದಿರ ಕಾಲದ ಬರಗಳನ್ನೆಲ್ಲ ದಾಟಿ ಬಂದ ಗುಣ ಇರುತ್ತದೆ. ಯಾವ ನರ್ಸರಿಯಲ್ಲೂ ಅದನ್ನು ಕೊಂಡು ತರಲಾಗದು. ಹಾಗಾಗಿ ಜೆಸಿಬಿ ಕರೆಸುವ ಮುಂಚೆ ಒಮ್ಮೆ ಒಡ್ಡಿನ ಮೇಲೆ ನಡೆಯಿರಿ. ಎಷ್ಟು ಬಾರಿ ಇವೆ ಎಣಿಸಿ. ಚೆನ್ನಾಗಿ ನಿಂತ ಹತ್ತು ಗಿಡಕ್ಕೆ ಸುಣ್ಣದ ಗುರುತು ಹಾಕಿ, ಅವನ್ನು ಉಳಿಸಿ. ಈ ಏಪ್ರಿಲಿನಲ್ಲಿ ಐದು ಗಿಡ ಕೊಯ್ದು ಜುಲೈಯಲ್ಲಿ ಕಣ್ಣು ಹಾಕಿ. ಮೊದಲ ವರ್ಷ ಐದರಲ್ಲಿ ಎರಡು ಹಿಡಿದರೂ ಕೈ ಪಳಗುತ್ತದೆ.

ನಿಮ್ಮ ಊರಲ್ಲಿ ಹುಳು ಹಿಡಿಯದ, ಇಲ್ಲವೇ ಬಹಳ ಸಿಹಿಯಾದ ನಾಟಿ ಬಾರಿ ಇದ್ದರೆ ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಕಡ್ಡಿ ಕೊಡುವವರೂ ಬೇಕಾದವರೂ ಒಬ್ಬರಿಗೊಬ್ಬರು ಗೊತ್ತಾದರೆ, ಮೂರು ತಾಲೂಕಿನ ಒಳ್ಳೆಯ ಬಾರಿಗಳು ಒಂದೊಂದು ಒಡ್ಡಿನಲ್ಲೂ ಉಳಿಯುತ್ತವೆ.